ಗೇಟು ತೆರೆದಿರತಕ್ಕದ್ದು

ಅವರ ಎಡಗೈ ಹೆಬ್ಬೆರಳು ಸದಾ ನೀಲಿಯಾಗಿರುತ್ತಿತ್ತು. ಉಗುರಿನ ಸಂದಿಯಲ್ಲಿ ಕಡುನೀಲಿ, ಬೆರಳ ತುದಿಯಲ್ಲಿ ತೊಳೆದು ತೊಳೆದು ಮಾಸಿದ ತಿಳಿನೀಲಿ. ಮೊದಲ ಸಲ ನೋಡಿದಾಗ ಬಾಗಿಲ ಸಂದಿಗೆ ಸಿಕ್ಕಿ ರಕ್ತ ಹೆಪ್ಪುಗಟ್ಟಿರಬೇಕು ಎಂದುಕೊಂಡೆ. ಕೇಳಲಿಲ್ಲ, ಕೇಳುವ ಸ್ವಭಾವ ನನ್ನದಲ್ಲ. ಕಾರಣ ಗೊತ್ತಾದದ್ದು ಎಷ್ಟೋ ತಿಂಗಳ ಮೇಲೆ, ನೋಂದಣಿ ಕಚೇರಿಯಲ್ಲಿ. ಹೆಬ್ಬೆಟ್ಟು ಒತ್ತಬೇಕಾದ ಮುದುಕರು ಯಾರಾದರೂ ಶಾಯಿಯ ಪ್ಯಾಡು ನೋಡಿ ಕೈ ಹಿಂದೆಳೆದುಕೊಂಡರೆ, ಅವರು ತಮ್ಮ ಬೆರಳನ್ನೇ ಮೊದಲು ಅದ್ದಿ, ಸಿಕ್ಕ ರದ್ದಿ ಹಾಳೆಯ ಮೇಲೆ ಒತ್ತಿ ತೋರಿಸುತ್ತಿದ್ದರು. “ನೋಯಲ್ಲ, ನೋಡಿ. ಆದ್ರೆ ಬೇಗ ಹೋಗೋದೂ ಇಲ್ಲ. ಅದಕ್ಕೇ ಯೋಚನೆ ಮಾಡಿ ಒತ್ತಿ.”

ಅವರು ವಕೀಲರು. ಜಯನಗರದಲ್ಲಿ ಒಂದು ಕಾಂಡಿಮೆಂಟ್ಸ್ ಅಂಗಡಿಯ ಮೇಲಿನ ಮಹಡಿಯಲ್ಲಿ ಅವರ ಕಚೇರಿ. ಕೆಳಗೆ ಕೋಡುಬಳೆ ಕರಿಯುವ ವಾಸನೆ ಮೆಟ್ಟಿಲು ಹತ್ತಿ ಬಂದು ಕಾನೂನಿನ ಪುಸ್ತಕಗಳಲ್ಲೆಲ್ಲ ಸೇರಿಕೊಂಡಿತ್ತು. ವಯಸ್ಸು ಅರವತ್ತು ದಾಟಿತ್ತು, ಮೈಕಟ್ಟು ಸಣ್ಣದು, ದನಿ ಮಾತ್ರ ಮೈಗಿಂತ ದೊಡ್ಡದು. ನಮ್ಮ ಮನೆಯಲ್ಲಿ ಅವರನ್ನು ವಕೀಲ ಮೇಡಂ ಎನ್ನುತ್ತಿದ್ದೆವು. ಎದುರಿಗೆ ಬರೀ ಮೇಡಂ.

ಅವರಲ್ಲಿಗೆ ನಾವು ಹೋದದ್ದು ಅಣ್ಣನ ಸಲುವಾಗಿ. ಅಣ್ಣ ನನಗಿಂತ ಎಂಟು ವರ್ಷ ದೊಡ್ಡವನು. ಹುಟ್ಟುವಾಗ ಉಸಿರು ಕಟ್ಟಿ ಮಿದುಳಿಗೆ ಪೆಟ್ಟಾಯಿತು. ಅವನಿಗೆ ಬರುವ ಮಾತು ಕೆಲವೇ. ಸ್ನಾನಕ್ಕೆ, ಗುಂಡಿ ಹಾಕಿಕೊಳ್ಳುವುದಕ್ಕೆ, ಅನ್ನ ಕಲಸಿಕೊಳ್ಳುವುದಕ್ಕೆ ಯಾರಾದರೂ ಬೇಕು. ಬನಶಂಕರಿಯಲ್ಲಿ ಪಾತ್ರೆ ಅಂಗಡಿ ಇಟ್ಟಿದ್ದ ಅಪ್ಪನಿಗೆ ಒಂದು ದಿನ ಎದೆನೋವು ಬಂದು, ಆಸ್ಪತ್ರೆಯಿಂದ ಮರಳಿದ ಮೇಲೆ, ಇಷ್ಟು ವರ್ಷ ಮನೆಯಲ್ಲಿ ಯಾರೂ ಬಾಯಿಬಿಟ್ಟು ಕೇಳದಿದ್ದ ಪ್ರಶ್ನೆ ಊಟದ ಹೊತ್ತಿಗೆ ನಮ್ಮ ಜೊತೆಯೇ ಕೂರತೊಡಗಿತು. ನಾವಿಲ್ಲದ ಮೇಲೆ ಇವನ ಗತಿ ಏನು?

ಅಪ್ಪನ ಬಳಿ ಉತ್ತರ ಸಿದ್ಧವಿತ್ತು. ವಕೀಲರಿಂದ ಅದನ್ನು ಬರೆಸಿಕೊಂಡು ಬಂದರೆ ಸಾಕೆಂದು ನನ್ನನ್ನೂ ಕರೆದುಕೊಂಡು ಹೋದರು.

“ಎಲ್ಲ ರೆಡಿ ಇದೆ ಮೇಡಂ. ಒಂದು ವಿಲ್ ಬರೆದುಬಿಡಿ. ಇರೋದೆಲ್ಲ ಮಗನ ಹೆಸರಿಗೆ. ನನ್ನ ತಮ್ಮ ನೋಡ್ಕೋತಾನೆ.”

“ಆಮೇಲೆ?” ಎಂದರು ಮೇಡಂ. ಕಥೆ ಕೇಳುವ ಮಕ್ಕಳು ಕೇಳುತ್ತಾರಲ್ಲ, ಅದೇ ದನಿ.

“ಆಮೇಲೆ ಅಂದ್ರೆ?”

“ನಿಮ್ಮ ತಮ್ಮ ನಿಮಗಿಂತ ಎಷ್ಟು ವರ್ಷಕ್ಕೆ ಚಿಕ್ಕೋರು?”

“ನಾಕು.”

“ಹಾಗಿದ್ರೆ ನಾಕು ವರ್ಷ ನೋಡ್ಕೋತಾರೆ. ಆಮೇಲೆ?”

ಅಪ್ಪ ನನ್ನ ಕಡೆ ತಿರುಗಿದರು. “ಮಗಳಿದಾಳಲ್ಲ.”

ಮೇಡಂ ಕೂಡ ನನ್ನನ್ನು ನೋಡಿದರು. ಆ ಸಲ ಮಾತ್ರ ಆಮೇಲೆ ಎನ್ನಲಿಲ್ಲ. ಪೆನ್ನಿನ ಮುಚ್ಚಳ ಹಾಕಿ ಪಕ್ಕಕ್ಕಿಟ್ಟರು.

ಅಪ್ಪ ಸುಮ್ಮನಾಗಲಿಲ್ಲ. ಅಂಜನಾಪುರದಲ್ಲಿ ಒಂದು ಸೈಟಿದೆ, ಅದನ್ನು ಆಗಲೇ ಮಗನ ಹೆಸರಿಗೇ ಮಾಡಿಸಿದ್ದೇನೆ, ಇನ್ನು ಯಾರೂ ಮುಟ್ಟುವ ಹಾಗಿಲ್ಲ ಎಂದು ಸ್ವಲ್ಪ ಹೆಮ್ಮೆಯಿಂದಲೇ ಹೇಳಿದರು.

“ನಿಜ, ಯಾರೂ ಮುಟ್ಟೋ ಹಾಗಿಲ್ಲ. ನೀವೂ ಮುಟ್ಟೋ ಹಾಗಿಲ್ಲ,” ಎಂದರು ಮೇಡಂ. “ಪೆಟ್ಟಿಗೆಗೆ ಬೀಗ ಹಾಕಿ ಬೀಗದಕೈನ ಒಳಗೇ ಬಿಟ್ಟಿದೀರಿ ಸಾರ್.”

ಅಣ್ಣನ ಸಹಿ ಕಾನೂನಿಗೆ ಸಲ್ಲುವುದಿಲ್ಲ. ಅವನ ಪರವಾಗಿ ಸಹಿ ಹಾಕಲು ಒಬ್ಬರನ್ನು ಪಾಲಕರೆಂದು ನೇಮಿಸಬೇಕು. ಆ ಪಾಲಕರೂ ಅನುಮತಿಯಿಲ್ಲದೆ ಮಾರುವಂತಿಲ್ಲ. ನಾಳೆ ಅವನ ಚಿಕಿತ್ಸೆಗೆ ಬೇಕೆಂದರೂ ಆ ಸೈಟು ಕೂಡಲೇ ಒದಗುವುದಿಲ್ಲ. ಉಳಿದ ಆಸ್ತಿಯನ್ನೂ ಹೀಗೆಯೇ ಅವನ ಹೆಸರಿಗೆ ಬರೆದರೆ, ಅವನ ಹೆಬ್ಬೆರಳು ಯಾರ ಕೈಯಲ್ಲಿದೆಯೋ ಆಸ್ತಿ ಅವರ ಕೈಯಲ್ಲಿ. ಇದನ್ನೆಲ್ಲ ಅವರು ಬೆದರಿಸುವಂತೆ ಹೇಳಲಿಲ್ಲ. ಪ್ರೀತಿಯಿರುವ ಅಪ್ಪಂದಿರೇ ಈ ತಪ್ಪು ಮಾಡುವುದು, ಪ್ರೀತಿಯಿಲ್ಲದವರು ಮಕ್ಕಳ ಹೆಸರಿಗೆ ಸೈಟು ಕೊಳ್ಳುವುದಿಲ್ಲ ಎಂದೂ ಸೇರಿಸಿದರು.

“ಮತ್ತೆ ಏನ್ ಮಾಡೋದು?”

“ಟ್ರಸ್ಟ್ ಮಾಡಿ.”

ಅಪ್ಪನಿಗೆ ಗೊತ್ತಿದ್ದ ಟ್ರಸ್ಟುಗಳೆಂದರೆ ದೇವಸ್ಥಾನದ್ದು, ಶಾಲೆಯದ್ದು. ಮೇಡಂ ಕೇಳಿದರು. “ನಿಮ್ಮ ಅಂಗಡೀಲಿ ಮದುವೆಗೆ ದೊಡ್ಡ ಪಾತ್ರೆ ಬಾಡಿಗೆಗೆ ಕೊಡ್ತೀರಾ?”

“ಕೊಡ್ತೀವಿ.”

“ಆ ಪಾತ್ರೇಲಿ ಅಡುಗೆಯವನು ಅಡುಗೆ ಮಾಡ್ತಾನೆ. ಸೌಟು ಅವನ ಕೈಲೇ ಇರತ್ತೆ. ಆದ್ರೆ ಊಟ ಅವನದಲ್ಲ, ಪಂಕ್ತೀಲಿ ಕೂತಿರೋರದ್ದು. ಟ್ರಸ್ಟಿ ಅಂದ್ರೆ ಅಡುಗೆಯವನು. ನಿಮ್ಮ ಮಗ ಪಂಕ್ತೀಲಿ ಕೂತಿದಾನೆ. ಮನೆ, ದುಡ್ಡು ಎಲ್ಲ ಅಡುಗೆಯವರ ಹೆಸರಲ್ಲಿರತ್ತೆ, ಆದ್ರೆ ಅವನಿಗೋಸ್ಕರಾನೇ ಇರತ್ತೆ. ಒಬ್ಬ ಅಡುಗೆಯವನು ಹೋದ್ರೆ ಇನ್ನೊಬ್ಬ ಬರ್ತಾನೆ. ಪಂಕ್ತಿ ಏಳಲ್ಲ.”

ಆಸ್ಪತ್ರೆಯಿಂದ ಬಂದ ಮೇಲೆ ಅಪ್ಪ ನಕ್ಕಿದ್ದನ್ನು ನಾನು ನೋಡಿದ್ದು ಅವತ್ತೇ ಮೊದಲು. “ಅಡುಗೆಯವರು ಕದ್ದು ತಿಂತಾರೆ ಮೇಡಂ, ನಾನು ನೋಡಿದೀನಿ.”

“ಅದಕ್ಕೇ ಮೂರು ಜನನ್ನ ಇಡೋದು. ಒಬ್ಬರನ್ನ ಒಬ್ಬರು ನೋಡ್ತಿರ್ತಾರೆ.”

ಮುಂದಿನ ವಾರ ಅವರು ನಮ್ಮ ಮನೆಗೆ ಬಂದರು. ಅಮ್ಮ ಅಣ್ಣನ ವೈದ್ಯಕೀಯ ಕಾಗದಗಳನ್ನೆಲ್ಲ ಮೇಜಿನ ಮೇಲೆ ಜೋಡಿಸಿಟ್ಟಿದ್ದಳು. ಮೇಡಂ ಅವನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದರು. “ಇವನ್ನ ಆಮೇಲೆ ಓದ್ತೀನಿ. ಅವನೆಲ್ಲಿ?”

ಅಣ್ಣ ಗೇಟಿನ ಹತ್ತಿರವಿದ್ದ. ಬೆಳಗಿನ ಹೊತ್ತು ಅವನು ಇರುವುದೇ ಅಲ್ಲಿ. ನಮ್ಮಲ್ಲಿ ಸ್ನಾನವಾದ ಮೇಲೆ ಇಷ್ಟಲಿಂಗ ಪೂಜೆ ಮಾಡಿ ಹಣೆಗೆ ವಿಭೂತಿ ಧರಿಸುತ್ತಾರೆ. ಅಣ್ಣನಿಗೆ ಪೂಜೆಯ ಮಂತ್ರ ಬಾರದು, ವಿಭೂತಿ ಬರುತ್ತದೆ. ತಾನು ಹಚ್ಚಿಕೊಂಡು, ಮನೆಯವರಿಗೆಲ್ಲ ಹಚ್ಚಿ, ಗಟ್ಟಿಯನ್ನು ಕೈಯಲ್ಲಿ ಹಿಡಿದು ಗೇಟಿನ ಒಳಗೆ ಸ್ಟೂಲು ಹಾಕಿಕೊಂಡು ಕೂರುತ್ತಾನೆ. ರಸ್ತೆಯಲ್ಲಿ ಹೋಗುವವರನ್ನು ನೋಡಿ “ಬಗ್ಗು” ಎನ್ನುತ್ತಾನೆ. ಅವನು ಸ್ಪಷ್ಟವಾಗಿ ಆಡುವ ಮಾತುಗಳಲ್ಲಿ ಅದೊಂದು. ಹೂವಿನಮ್ಮ ಬುಟ್ಟಿ ಸಮೇತ ಬಗ್ಗುತ್ತಾಳೆ. ಎದುರು ಮನೆಯ ನಿವೃತ್ತ ಟೀಚರ್ ಹಾಲಿನ ಪ್ಯಾಕೆಟ್ ಹಿಡಿದುಕೊಂಡೇ ಬಗ್ಗುತ್ತಾರೆ. ಪರೀಕ್ಷೆಯ ದಿನಗಳಲ್ಲಿ ಮಕ್ಕಳ ಸಾಲೇ ಇರುತ್ತದೆ. ಮೂಲೆ ಮನೆಯ ಆಟೋ ಭಾಯ್ ಹಣೆ ಕೊಡುವುದಿಲ್ಲ, ಅಂಗೈ ಚಾಚುತ್ತಾರೆ. ಅಣ್ಣ ಅಲ್ಲಿಯೇ ಒಂದು ಚುಕ್ಕೆ ಇಟ್ಟು ಕಳಿಸುತ್ತಾನೆ. ಅದನ್ನು ಅವರಿಬ್ಬರೂ ಯಾವಾಗ ಮಾತಾಡಿಕೊಂಡರೋ ತಿಳಿಯದು.

ಮೇಡಂ ಸಾಲಿನಲ್ಲಿ ನಿಂತರು. ಅವರ ಮನೆಯವರು ನಾಮ ಧರಿಸುವ ಪೈಕಿ.

“ಬಗ್ಗು,” ಎಂದ ಅಣ್ಣ.

“ಜಡ್ಜ್ ಮುಂದೆ ಬಿಟ್ರೆ ನಾನು ಬಗ್ಗೋದು ಇಲ್ಲೇ ಕಣಪ್ಪ,” ಎಂದು ಬಗ್ಗಿದರು. ಕಣ್ಣಿನ ಮೇಲೆಲ್ಲ ಬೂದಿ ಉದುರಿತು. ಅಣ್ಣ ಅವರ ನೀಲಿ ಹೆಬ್ಬೆರಳನ್ನು ಹಿಡಿದು ಆ ಕಡೆ ಈ ಕಡೆ ತಿರುಗಿಸಿ ನೋಡಿ, ಅದರ ಮೇಲೂ ಒಂದಿಷ್ಟು ಹಚ್ಚಿದ. ಮನೆಗೆ ಹೋದಾಗ ಅವರ ಅತ್ತಿಗೆ ಹಣೆ ನೋಡಿ ಇದೇನು ಎಂದರಂತೆ. “ಕಕ್ಷಿದಾರ ಕೊಟ್ಟ ಫೀಸು ಅಂದೆ,” ಎಂದು ಮುಂದಿನ ಸಲ ಬಂದಾಗ ಹೇಳಿದರು.

ಅವನನ್ನು ಅವರು ಕರೆಯುತ್ತಿದ್ದದ್ದೇ ಕಕ್ಷಿದಾರ ಎಂದು. ಅಪ್ಪ ಫೀಸು ಕೊಡುವವರು ಅಷ್ಟೆ. ಯಾರಾದರೂ ಮಾತಿನ ನಡುವೆ ಪಾಪ ಎಂದರೆ ಅತ್ತಿತ್ತ ನೋಡಿ “ಯಾರು?” ಎನ್ನುತ್ತಿದ್ದರು. ನಿಜವಾಗಿಯೂ ಹುಡುಕುತ್ತಿದ್ದಾರೇನೋ ಎನ್ನುವಂತೆ. ನಮ್ಮ ಬಂಧುಗಳಲ್ಲಿ ಹಲವರು ಅವರೆದುರು ಆ ಪದ ಬಳಸುವುದನ್ನು ಬಿಟ್ಟರು.

ಅವರ ಮನೆಯಲ್ಲೂ ಇಂಥವರು ಯಾರೋ ಇರಬೇಕು ಎಂದು ಅಮ್ಮ ಊಹಿಸಿದ್ದಳು. ಮಗುವೊಂದು ಹೋಗಿರಬೇಕು, ಇಲ್ಲದಿದ್ದರೆ ಇಷ್ಟು ಆಸ್ಥೆ ಎಲ್ಲಿಂದ ಬರುತ್ತದೆ? ನನಗೂ ಕುತೂಹಲವಿತ್ತು. ಕಾಗದ ಕೊಡಲು ಒಬ್ಬಳೇ ಹೋಗಿದ್ದ ಒಂದು ಮಧ್ಯಾಹ್ನ ಧೈರ್ಯ ಮಾಡಿ ಕೇಳಿದೆ.

“ನನ್ನ ಮನೇಲಿ ಅಂಥೋರು ಯಾರೂ ಇಲ್ಲ. ಯಾಕೆ, ಇರಲೇಬೇಕಾ?” ಎಂದು ಕೋಡುಬಳೆ ಮುರಿದು ಅರ್ಧ ನನಗೆ ಕೊಟ್ಟರು. ಸಣ್ಣ ವಯಸ್ಸಿನಲ್ಲಿ ಒಂದು ಪಾಲಿನ ಮೊಕದ್ದಮೆ ನಡೆಸಿದ್ದರಂತೆ. ಅಣ್ಣತಮ್ಮಂದಿರಿಬ್ಬರೂ ನಮ್ಮಣ್ಣನಂತೆಯೇ ಇದ್ದ ತಂಗಿಯನ್ನು ನೋಡಿಕೊಳ್ಳುವವನು ನಾನು, ಅವಳ ಪಾಲು ನನಗೆ ಸೇರಬೇಕು ಎಂದು ವಾದಿಸುತ್ತಿದ್ದರು. ಆ ತಂಗಿ ಪ್ರತಿ ವಾಯಿದೆಗೂ ಬಂದು ಕೋರ್ಟಿನ ಹೊರಗೆ ಬೆಂಚಿನ ಮೇಲೆ ಕೂತಿರುತ್ತಿದ್ದಳು. “ಅವಳು ಇಡೀ ದಿನ ಏನು ನೋಡ್ತಾ ಕೂತಿರ್ತಾಳೆ ಅಂತ ನಂಗೆ ಕುತೂಹಲ. ಒಂದಿನ ಹೋಗಿ ಪಕ್ಕದಲ್ಲಿ ಕೂತೆ. ಪಾರಿವಾಳ. ಮೇಲೆ ವೆಂಟಿಲೇಟರಲ್ಲಿ ಗೂಡು ಕಟ್ಟಿತ್ತು. ಆ ಕೇಸಲ್ಲಿ ಅಷ್ಟು ಪೇಪರ್ ಇತ್ತಲ್ಲ, ಅವಳಿಗೆ ಏನಿಷ್ಟ ಅಂತ ಒಂದರಲ್ಲೂ ಇರ್ಲಿಲ್ಲ.”

ಅಷ್ಟೇ. ಅದರ ಹಿಂದೆ ದೊಡ್ಡ ದುಃಖವೇನೂ ಇರಲಿಲ್ಲ. ಅಮ್ಮನಿಗೆ ಹೇಳಿದಾಗ ಅವಳಿಗೆ ನಂಬಿಕೆ ಬರಲಿಲ್ಲ.

ಅಪ್ಪನ ಯೋಜನೆಯ ಪೂರ್ತಿ ರೂಪ ಹೀಗಿತ್ತು: ತಾವಿಬ್ಬರೂ ಹೋದ ಮೇಲೆ ಮನೆ ಮಾರುವುದು, ತಲಘಟ್ಟಪುರದ ಕಡೆ ಇಂಥವರನ್ನು ನೋಡಿಕೊಳ್ಳುವ ಒಂದು ಆಶ್ರಮದಲ್ಲಿ ಅಣ್ಣನನ್ನು ಬಿಡುವುದು, ಚಿಕ್ಕಪ್ಪ ಉಸ್ತುವಾರಿ ನೋಡುವುದು. ಅಪ್ಪ ಅಮ್ಮ ಹೋಗಿ ನೋಡಿಯೂ ಬಂದಿದ್ದರು. ಚೊಕ್ಕಟವಾದ ಜಾಗ, ಒಳ್ಳೆಯ ಜನ. ಮೇಡಂ ಬೇಡವೆನ್ನಲಿಲ್ಲ. ಟ್ರಸ್ಟ್ ಪತ್ರ ಬರೆಯುವ ಮೊದಲು ರಿಹರ್ಸಲ್ ಆಗಲಿ ಎಂದರು.

“ಯಾತರ ರಿಹರ್ಸಲ್?” ಎಂದಳು ಅಮ್ಮ.

“ನೀವಿಬ್ಬರೂ ಇಲ್ಲದ್ದು. ನಾಕು ದಿನ ಎಲ್ಲಾದ್ರೂ ಹೋಗಿ. ನಿಮ್ಮ ಮೈದುನ ಬಂದು ಮನೇಲಿರ್ಲಿ. ಫೋನ್ ಮಾಡಬಾರದು. ಸತ್ತೋರು ಫೋನ್ ಮಾಡಲ್ಲ.”

ಅಮ್ಮನ ಮುಖ ಕಪ್ಪಿಟ್ಟಿತು. “ಏನ್ ಮೇಡಂ, ಬೆಳಬೆಳಗ್ಗೆ ಇಂಥ ಮಾತು.”

“ಸಾಯಂಕಾಲ ಬಂದು ಹೇಳ್ಲಾ?”

ಅವರು ಟ್ರಸ್ಟ್ ಮಾಡಿಸುವ ಪ್ರತಿ ಕುಟುಂಬಕ್ಕೂ ಈ ಶಿಕ್ಷೆ ವಿಧಿಸುತ್ತಿದ್ದರೆಂದು ಆಮೇಲೆ ತಿಳಿಯಿತು. ಕೆಲವರು ಅದಕ್ಕೇ ಬೇರೆ ವಕೀಲರನ್ನು ಹುಡುಕಿಕೊಂಡು ಹೋದದ್ದೂ ಉಂಟು. ನಮ್ಮಪ್ಪ ಒಪ್ಪಿದರು. ಬೇಗೂರಿನ ದೊಡ್ಡಮ್ಮನ ಮನೆಗೆ ಇಬ್ಬರೂ ಹೊರಟರು. ಅಮ್ಮ ಚಿಕ್ಕಪ್ಪನಿಗೆ ಮಾತ್ರೆ, ಊಟ, ಸ್ನಾನದ ನೀರಿನ ಬಿಸಿ ಎಲ್ಲ ಎರಡೆರಡು ಸಲ ಹೇಳಿದಳು. ನನಗೆ ಮೇಡಂ ಹೇಳಿದ್ದು ಇಷ್ಟೆ. “ನೀನು ಮನೇಲೇ ಇರು, ಇಲ್ಲದ ಹಾಗೆ ಇರು. ಅವನಿಗೆ ಪೆಟ್ಟಾಗೋ ಹಾಗಿದ್ರೆ ಮಾತ್ರ ಬಾಯಿ ಬಿಡು.”

ಚಿಕ್ಕಪ್ಪ ಒಳ್ಳೆಯವರು. ಅಣ್ಣನಿಗೆಂದು ಹೊಸ ಅಂಗಿ ತಂದಿದ್ದರು, ಮಾವಿನಹಣ್ಣಿನ ಜ್ಯೂಸ್ ತಂದಿದ್ದರು. ಮೊದಲ ದಿನ ಬೆಳಿಗ್ಗೆ ಅಣ್ಣ ವಿಭೂತಿ ಹಿಡಿದು ಗೇಟಿನ ಕಡೆ ಹೊರಟಾಗ ಅವರು ಗಾಬರಿಯಾಗಿ ಮುಂದೆ ಓಡಿ ಗೇಟಿಗೆ ಬೀಗ ಹಾಕಿದರು. ಬೀಗದಕೈಯನ್ನು ಜೇಬಿಗೆ ಹಾಕಿಕೊಂಡರು.

“ಹೊರಗಡೆ ಏನ್ ಟ್ರಾಫಿಕ್ಕು ನೋಡು. ಹೆಚ್ಚುಕಮ್ಮಿ ಆದ್ರೆ ನಿಮ್ಮಪ್ಪನಿಗೆ ಏನಂತ ಮುಖ ತೋರಿಸ್ಲಿ?” ಎಂದು ನನ್ನನ್ನು ಕೇಳಿದರು. ನಾನು ಇಲ್ಲದ ಹಾಗೆ ಇದ್ದೆ.

ಜನ ಬಂದರು. ಗೇಟಿನ ಕಂಬಿಗಳ ನಡುವೆ ಹಣೆ ತೂರುವುದಿಲ್ಲ. ಹೂವಿನಮ್ಮ ಸ್ವಲ್ಪ ಹೊತ್ತು ನಿಂತು, “ಯಾಕೆ ಪುಟ್ಟು, ಇವತ್ತು ರಜಾನಾ?” ಎಂದು ಕೇಳಿ ಹೋದಳು. ಆಟೋ ಭಾಯ್ ಕೈಯನ್ನೇನೋ ಒಳಗೆ ಚಾಚಿದರು. ಆದರೆ ಗೇಟು ಮುಚ್ಚಿದ್ದರಿಂದ ಅಣ್ಣನಿಗೆ ಎಲ್ಲವೂ ತಪ್ಪಾಗಿ ಹೋಗಿತ್ತು, ಅವನು ಆ ಕೈಯನ್ನು ನೋಡಲೇ ಇಲ್ಲ. ಕೊನೆಗೆ ವಿಭೂತಿಯನ್ನು ಗೇಟಿನ ಕಂಬಿಗಳಿಗೇ ಒಂದೊಂದಾಗಿ ಬಳಿದ. ಮಧ್ಯಾಹ್ನ ಊಟ ಮಾಡಲಿಲ್ಲ. ಅಪ್ಪ ಎಲ್ಲಿ ಎನ್ನುವಂತೆ ಬಾಗಿಲು ತೋರಿಸಿದಾಗ ಚಿಕ್ಕಪ್ಪ “ಅಂಗಡಿಗೆ ಹೋಗಿದಾರೆ, ಈಗ ಬರ್ತಾರೆ,” ಎಂದರು. ಅಣ್ಣ ಕತ್ತಲಾಗುವವರೆಗೂ ಬಾಗಿಲನ್ನೇ ನೋಡುತ್ತ ಕೂತಿದ್ದ. ಎರಡನೆಯ ದಿನ ಅವನು ಗೇಟಿನ ಕಡೆ ಹೋಗಲೇ ಇಲ್ಲ. ದೇವರ ಕೋಣೆಯ ಮೂಲೆಯಲ್ಲಿ ಕೂತು ಗೋಡೆಗೆ ಬೂದಿ ಉಜ್ಜುತ್ತಿದ್ದ.

“ನೋಡು, ಎಷ್ಟು ಬೇಗ ಹೊಂದ್ಕೊಂಡ,” ಎಂದರು ಚಿಕ್ಕಪ್ಪ, ಹೊರಬಾಗಿಲಲ್ಲಿ ನಿಂತು. “ಪಾಪ, ಅವನಿಗೇನು ಗೊತ್ತಾಗತ್ತೆ.”

“ಯಾರಿಗೆ?” ಎಂಬ ದನಿ ಗೇಟಿನ ಆಚೆಯಿಂದ ಬಂತು.

ಮೇಡಂ ಆ ಬೆಳಿಗ್ಗೆ ಎದುರು ಮನೆ ಟೀಚರ್ ವರಾಂಡದಲ್ಲಿ ಕೂತು ಕಾಫಿ ಕುಡಿಯುತ್ತ ನಮ್ಮ ಮನೆಯನ್ನೇ ನೋಡುತ್ತಿದ್ದರಂತೆ. ಬಂದು ಹೋದವರನ್ನೆಲ್ಲ ಮಾತಾಡಿಸಿದ್ದರಂತೆ. ಈಗ ರಸ್ತೆ ದಾಟಿ ಬಂದು ಗೇಟಿನ ಹೊರಗೆ ನಿಂತಿದ್ದರು.

“ಬೀಗದಕೈ ಎಲ್ಲಿದೆ?”

“ನನ್ನ ಜೇಬಲ್ಲೇ ಇದೆ ಮೇಡಂ, ಭದ್ರವಾಗಿ.”

“ನೀವೂ ನಿಮ್ಮಣ್ಣನ ಹಾಗೇ.”

ಅವರ ಹಿಂದೆ ಟೀಚರ್ ಕೂಡ ಬಂದಿದ್ದರು. ಅವರು ಹೇಳಿದ ಮಾತು ನನಗೂ ಹೊಸದು. ಹುಟ್ಟಿದಾಗಿನಿಂದ ಅದೇ ಮನೆಯಲ್ಲಿದ್ದೂ ನಾನು ಗಮನಿಸಿರಲಿಲ್ಲ. “ಗೇಟಿನ ಕೆಳಗೆ ಕಬ್ಬಿಣದ ಪಟ್ಟಿ ಇದೆಯಲ್ಲ, ಅದನ್ನ ಪುಟ್ಟು ಯಾವತ್ತೂ ದಾಟಿಲ್ಲ. ಒಬ್ಬನೇ ಇದ್ದಾಗ ಒಂದು ದಿನಾನೂ ಇಲ್ಲ. ನಾನು ಎದುರಿಗೇ ಕೂತಿರ್ತೀನಲ್ಲ, ನಂಗೆ ಗೊತ್ತು. ದಾಟಿದ ಅಂತಿಟ್ಕೊಳ್ಳಿ, ನಾಕು ಜನ ಓಡಿ ಬರ್ತಾರೆ. ನೀವು ಸುಮ್ನೆ ತೆಗೀರಿ.”

ಚಿಕ್ಕಪ್ಪ ಗೇಟು ತೆಗೆದದ್ದು ಮೂರನೆಯ ದಿನ. ಅಣ್ಣನ ಅಂಗಿಯ ಹಿಂಭಾಗವನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಪಕ್ಕದಲ್ಲೇ ನಿಂತಿದ್ದರು. ಅಣ್ಣ ಕೂತಿದ್ದಷ್ಟು ಹೊತ್ತೂ ಅವನ ಪಾದ ಪಟ್ಟಿಯ ಒಳಗೇ ಇತ್ತು. ಎಲ್ಲರೂ ಹೋದ ಮೇಲೆ ಅವನು ಹಿಂದೆ ತಿರುಗಿ ಚಿಕ್ಕಪ್ಪನನ್ನು ನೋಡಿ “ಬಗ್ಗು” ಎಂದ. ಅವರು ಬಗ್ಗಿದರು. ಮೂಗಿಗೆಲ್ಲ ಬೂದಿ ಹೋಗಿ ಸೀನಿದರು. ಅವತ್ತು ಅಣ್ಣ ಎರಡು ಸಲ ಅನ್ನ ಹಾಕಿಸಿಕೊಂಡ.

ಅಪ್ಪ ಅಮ್ಮ ಮರಳಿದ ದಿನ ಸಂಜೆ ಮೇಡಂ ಎಲ್ಲರನ್ನೂ ಕೂರಿಸಿಕೊಂಡರು. “ಇವರಿಗೆ ಮಾತ್ರೆ ಹೇಳಿದ್ರಿ, ಊಟ ಹೇಳಿದ್ರಿ. ಗೇಟು ಯಾಕೆ ಹೇಳ್ಲಿಲ್ಲಮ್ಮಾ?”

ಅಮ್ಮನಿಗೆ ಅರ್ಥವಾಗಲಿಲ್ಲ. “ಅದರಲ್ಲಿ ಹೇಳೋದೇನಿದೆ?”

“ಅದೇ. ಹೇಳೋದೇನಿದೆ ಅಂತ ನಿಮಗನ್ಸತ್ತಲ್ಲ, ಅದನ್ನೇ ನೀವು ಹೋಗುವಾಗ ತಗೊಂಡು ಹೋಗ್ಬಿಡ್ತೀರಿ.” ಹಾಗೆಯೇ ಕೇಳಿದರು. “ಅದಿರ್ಲಿ, ಫೋನ್ ಯಾರಿಗೆ ಮಾಡಿದ್ರಿ?”

ಅಮ್ಮ ತಲೆ ತಗ್ಗಿಸಿದಳು. ನನಗೆ ಮಾಡಿದ್ದಳು, ನಾನು ಎತ್ತಿರಲಿಲ್ಲ. ಆಮೇಲೆ ಬೇಗೂರಿನ ದೊಡ್ಡಮ್ಮನ ಫೋನಿನಿಂದ ಎದುರು ಮನೆ ಟೀಚರ್‌ಗೆ ದಿನವೂ ಮಾಡಿದ್ದಳು.

ಮೇಡಂ ಬೈಯಲಿಲ್ಲ. “ಮಾಡೇ ಮಾಡ್ತೀರಿ ಅಂತ ಗೊತ್ತಿತ್ತು. ಯಾರಿಗೆ ಮಾಡ್ತೀರಿ ಅಂತ ನೋಡಬೇಕಿತ್ತು. ಅವರೂ ಒಬ್ಬ ಟ್ರಸ್ಟಿ.”

ಯೋಜನೆ ಬದಲಾಯಿತು. ಅಪ್ಪ ಅಮ್ಮ ಇಬ್ಬರೂ ಇರುವವರೆಗೆ ಅವರೇ ಟ್ರಸ್ಟಿಗಳು. ಅವರಲ್ಲೊಬ್ಬರು ಹೋದ ಮೇಲೆ ಲೆಕ್ಕ, ತೆರಿಗೆ, ರಿಪೇರಿ ಚಿಕ್ಕಪ್ಪನ ಪಾಲಿಗೆ. ಅದರಲ್ಲಿ ಅವರನ್ನು ಮೀರಿಸುವವರಿಲ್ಲ. ದಿನದ ಬದುಕು ಟೀಚರ್ ಕಣ್ಣಿಗೆ. ಒಬ್ಬೊಬ್ಬರೂ ತಮ್ಮ ನಂತರ ಯಾರೆಂದು ಮೊದಲೇ ಸೂಚಿಸಬೇಕು. ಅಣ್ಣ ಅಲ್ಲಿ ಇರಬಲ್ಲಷ್ಟು ಕಾಲ ಮನೆ ಮಾರುವಂತಿಲ್ಲ. ಮಹಡಿಯ ಬಾಡಿಗೆಯಿಂದ ಅವನ ಜೊತೆಗಿರಲು ಒಬ್ಬರನ್ನು ಇಟ್ಟುಕೊಳ್ಳಬೇಕು. ತಲಘಟ್ಟಪುರವನ್ನೂ ಅಳಿಸಲಿಲ್ಲ, ಕೊನೆಯ ದಾರಿಯಾಗಿ ಉಳಿಸಿದರು. ನಡುವೆ ಒಂದು ಸಾಲು: ‘ಪ್ರತಿದಿನ ಬೆಳಿಗ್ಗೆ ಫಲಾನುಭವಿಯು ಗೇಟಿನ ಬಳಿ ಕೂರುವಷ್ಟು ಹೊತ್ತು ಗೇಟು ತೆರೆದಿರತಕ್ಕದ್ದು.’ ಪತ್ರವನ್ನು ಅವರು ಕನ್ನಡದಲ್ಲೇ ಬರೆದು, ಅಮ್ಮನ ಮುಂದೆ ಕೂತು ಗಟ್ಟಿಯಾಗಿ ಓದಿದರು. ಆ ಸಾಲಿಗೆ ಬಂದಾಗ ಅಮ್ಮ ಎದ್ದು ಒಳಗೆ ಹೋದಳು.

ಇನ್ನು ಮೂರನೆಯ ಹೆಸರು. ಅದು ನಾನೇ ಎಂದು ಎಲ್ಲರೂ ತೀರ್ಮಾನಿಸಿಬಿಟ್ಟಿದ್ದರು. ಮೇಡಂ ನನ್ನನ್ನು ಒಂದು ದರ್ಶಿನಿಗೆ ಕರೆದುಕೊಂಡು ಹೋಗಿ, ನಿಂತುಕೊಂಡು ಕಾಫಿ ಕುಡಿಯುತ್ತ ಕೇಳಿದರು.

“ಎಲ್ರೂ ನಿನ್ನ ಹೆಸರು ಹೇಳ್ತಿದಾರೆ. ನಿನ್ನ ಯಾರಾದ್ರೂ ಕೇಳಿದಾರಾ?”

ಇಲ್ಲವೆಂದೆ. ಇವನನ್ನು ನೋಡಿಕೊಳ್ಳಲೆಂದೇ ದೇವರು ನಿನ್ನನ್ನು ಕೊಟ್ಟ ಎಂದು ದೊಡ್ಡಮ್ಮಂದಿರು ಹೇಳುವುದನ್ನು ಕೇಳುತ್ತಲೇ ಬೆಳೆದವಳು ನಾನು. ಅದು ಪ್ರಶ್ನೆಯಾಗಬಹುದೆಂದೇ ಹೊಳೆದಿರಲಿಲ್ಲ.

“ಈಗ ನಾನು ಕೇಳ್ತಿದೀನಿ. ನಿಂಗೆ ಬೇಕಾ?”

ಆಗ ನನಗೆ ಧಾರವಾಡದಲ್ಲಿ ಸಂಶೋಧನೆಗೆ ಸೀಟು ಸಿಕ್ಕಿತ್ತು. ಮನೆಯಲ್ಲಿ ಇನ್ನೂ ಹೇಳಿರಲಿಲ್ಲ. ಅಣ್ಣನೆಂದರೆ ನನಗೆ ಏನು ಎಂಬುದನ್ನು ಕಾಫಿ ಕುಡಿಯುತ್ತ ಹೇಳಲಾಗುವುದಿಲ್ಲ. ಎರಡೂ ನಿಜವಾಗಿದ್ದವು. ಲೋಟ ಖಾಲಿ ಮಾಡಿ ಕೆಳಗಿಟ್ಟು “ಗೊತ್ತಿಲ್ಲ” ಎಂದೆ.

ಅವರ ಮುಖದಲ್ಲಿ ಬೇಸರವಾಗಲಿ ಮೆಚ್ಚುಗೆಯಾಗಲಿ ಕಾಣಲಿಲ್ಲ. “ಸರಿ. ಗೊತ್ತಿಲ್ಲ ಅಂತಾನೇ ಬರೀತೀನಿ.”

ಹಾಗೆಯೇ ಬರೆದರು. ಫಲಾನುಭವಿಯ ತಂಗಿಯು ತಾನು ಇಚ್ಛಿಸಿದಲ್ಲಿ ಮಾತ್ರ ಟ್ರಸ್ಟಿಯಾಗತಕ್ಕದ್ದು; ಯಾವಾಗ ಬೇಕಾದರೂ ಬಿಡಬಹುದು, ಮತ್ತೆ ಬರಬಹುದು; ಎರಡಕ್ಕೂ ಕಾರಣ ತಿಳಿಸಬೇಕಾಗಿಲ್ಲ. ಅವಳು ಇಲ್ಲದಾಗ ಆ ಜಾಗಕ್ಕೆ ಉಳಿದಿಬ್ಬರು ಬೇರೊಬ್ಬರನ್ನು ಆರಿಸಿಕೊಳ್ಳಬೇಕು. ಅಪ್ಪ ಓದಿ ಏನೋ ಹೇಳಲು ಬಾಯಿ ತೆರೆದರು. “ಅವಳು ಅಡುಗೆಯವಳಲ್ಲ ಸಾರ್. ಅವಳೂ ಪಂಕ್ತೀಲಿ ಕೂತೋಳೇ,” ಎಂದರು ಮೇಡಂ. ಅಪ್ಪ ಹಾಳೆ ತಿರುವಿದರು.

ನೋಂದಣಿಯ ದಿನ ಅಧಿಕಾರಿಯೊಬ್ಬರು ಪತ್ರ ತಿರುವುತ್ತ ಆ ಸಾಲಿನಲ್ಲಿ ನಿಂತರು. “ಇದೇನ್ ಮೇಡಂ, ಗೇಟಿನ ವಿಷಯ ಎಲ್ಲ ಡೀಡಲ್ಲಿ?”

“ಅದನ್ನ ಓದಿದ್ರೆ ಮಿಕ್ಕ ಪೇಜುಗಳು ಯಾಕಿವೆ ಅಂತ ಗೊತ್ತಾಗತ್ತೆ ಸಾರ್.”

ಅಣ್ಣನೂ ಬಂದಿದ್ದ. ಅವನ ಗುರುತು ಪತ್ರಕ್ಕೆ ಬೇಕಿರಲಿಲ್ಲ. ಮೇಡಂ ಮಾತ್ರ ತಮ್ಮ ಚೀಲದಿಂದ ಖಾಲಿ ಹಾಳೆ ತೆಗೆದು, ತಮ್ಮ ಹೆಬ್ಬೆಟ್ಟು ಒತ್ತಿ, ಪ್ಯಾಡನ್ನು ಅವನ ಮುಂದೆ ಹಿಡಿದರು. ಅವನು ಅವರ ಗುರುತಿನ ಪಕ್ಕದಲ್ಲೇ ತನ್ನದನ್ನು ಒತ್ತಿದ. “ಕಾನೂನಿಗೆ ಬೇಡ, ನಂಗೆ ಬೇಕು,” ಎಂದು ಆ ಹಾಳೆಯನ್ನು ಮಡಿಸಿಟ್ಟುಕೊಂಡರು. ಅಣ್ಣನ ಬೆರಳು ಒಂದು ವಾರ ನೀಲಿಯಾಗಿತ್ತು.

ಕೆಲಸ ಮುಗಿದ ಮೇಲೂ ಅವರು ಬುಧವಾರದ ಬೆಳಿಗ್ಗೆ ಗೇಟಿನ ಹತ್ತಿರ ಬಂದು ಬಗ್ಗಿ ಹೋಗುತ್ತಿದ್ದರು. ಅಂಜನಾಪುರದ ಸೈಟಿನ ಬೀಗ ಬಿಡಿಸುವುದು ಟ್ರಸ್ಟ್ ಮಾಡಿಸಿದ್ದಕ್ಕಿಂತ ಬಹಳ ನಿಧಾನವಾಯಿತು. ಅದರ ಸುದ್ದಿ ಹೇಳುವ ನೆಪ. ಒಮ್ಮೆ ಅಮ್ಮ, ನೀವು ಬರೆದದ್ದು ಸರಿಯಾಗಿ ನಡೆಯುತ್ತಿದೆ ಎಂದು ಹೇಗೆ ಗೊತ್ತಾಗುವುದು ಎಂದು ಕೇಳಿದಳು. “ಏನೂ ಆಗಲ್ಲ. ಬುಧವಾರ ಬುಧವಾರದ ಹಾಗೇ ಇರತ್ತೆ,” ಎಂದರು.

ನಾನು ಧಾರವಾಡಕ್ಕೆ ಹೋದೆ. ಯಾರೂ ತಡೆಯಲಿಲ್ಲ. ಅಲ್ಲಿದ್ದಾಗಲೇ ಅಪ್ಪ ತೀರಿಕೊಂಡರು. ನಮ್ಮಲ್ಲಿ ತೀರಿಕೊಂಡವರನ್ನು ಕೂರಿಸುತ್ತಾರೆ. ಅಣ್ಣನಿಗೆ ಅಂಗಡಿಗೆ ಹೋಗಿದ್ದಾರೆ ಎಂದು ಯಾರೂ ಹೇಳಲಿಲ್ಲ. ಹೇಳಬಾರದೆಂದು ಮೇಡಂ ಆ ರಿಹರ್ಸಲ್ಲಿನಲ್ಲೇ ಚಿಕ್ಕಪ್ಪನಿಗೆ ತಾಕೀತು ಮಾಡಿದ್ದರು. ಚಿಕ್ಕಪ್ಪನೇ ಅವನ ಕೈ ಹಿಡಿದು ಕರೆತಂದು, “ಅಪ್ಪ ಹೋದ್ರು ಕಣೋ. ಇನ್ನು ಬರಲ್ಲ,” ಎಂದರು. ಅಣ್ಣ ವಿಭೂತಿ ಹಿಡಿದು ಅಪ್ಪನ ಮುಂದೆ ನಿಂತು “ಬಗ್ಗು” ಎಂದ. ಸ್ವಲ್ಪ ಕಾದ. ಆಮೇಲೆ ತಾನೇ ಬಗ್ಗಿದ. ಕೆಲವು ದಿನ ಕಳೆದು ಗೇಟು ಎಂದಿನಂತೆ ತೆರೆಯಿತು. ಬಾಡಿಗೆ ಬಂತು, ಜೊತೆಗಿರುವಾಕೆ ಬಂದಳು, ಚಿಕ್ಕಪ್ಪ ತೆರಿಗೆ ಕಟ್ಟಿದರು. ಏನೂ ಆಗಲಿಲ್ಲ.

ಅದಾದ ವರ್ಷಕ್ಕೆ ಮೇಡಂ ಹೋದರು. ಕಾಯಿಲೆ ಹಳೆಯದಂತೆ, ಯಾರಿಗೂ ಹೇಳಿರಲಿಲ್ಲ. ಅವರ ಜೂನಿಯರ್ ಫೋನ್ ಮಾಡಿದಾಗ ನಾನು ಮೊದಲ ರೈಲು ಹಿಡಿದು ಬಂದೆ. ಅವರ ಮನೆಯ ಹಾಲಿನಲ್ಲಿ ಗುರುತಿಲ್ಲದ ಎಷ್ಟೋ ಜನ ನಿಂತಿದ್ದರು. ಗಾಲಿಕುರ್ಚಿಗಳಿದ್ದವು, ಅಮ್ಮಂದಿರ ಕೈ ಹಿಡಿದ ದೊಡ್ಡ ವಯಸ್ಸಿನ ಮಕ್ಕಳಿದ್ದರು. ಮೇಡಂ ಹಣೆಯ ಮೇಲೆ ಅವರ ಮನೆಯವರು ಇಟ್ಟ ನಾಮವಿತ್ತು. ಎದೆಯ ಮೇಲೆ ಜೋಡಿಸಿದ್ದ ಕೈಗಳಲ್ಲಿ ಎಡಗೈ ಹೆಬ್ಬೆರಳು ನೀಲಿಯಾಗಿಯೇ ಇತ್ತು.

ಆ ಬುಧವಾರ ನಾನು ಮನೆಯಲ್ಲಿದ್ದೆ. ಅಣ್ಣ ಗೇಟಿನ ಬಳಿ ಕೂತು, ಹೂವಿನಮ್ಮ ಹೋದ ಮೇಲೂ ರಸ್ತೆಯ ಕೊನೆಯನ್ನು ನೋಡುತ್ತಿದ್ದ. ಪಕ್ಕದಲ್ಲಿ ಕೂತು ಹೇಳಿದೆ. “ಮೇಡಂ ಬರಲ್ಲ ಅಣ್ಣ. ತೀರ್ಕೊಂಡ್ರು.” ಅವನು ತನ್ನ ಹೆಬ್ಬೆರಳನ್ನು ತಿರುಗಿಸಿ ನೋಡಿಕೊಂಡ. ಅದಕ್ಕೆ ಒಂದಿಷ್ಟು ವಿಭೂತಿ ಹಚ್ಚಿದ. ಅಷ್ಟರಲ್ಲಿ ಆಟೋ ಭಾಯ್ ಅಂಗೈ ಚಾಚಿದರು.

ಸಂಶೋಧನೆ ಮುಗಿಸಿ ನಾನು ಬೆಂಗಳೂರಿಗೆ ಮರಳಿದೆ. ಟ್ರಸ್ಟಿನಲ್ಲಿ ನನ್ನ ಜಾಗಕ್ಕೆ ಸಹಿ ಹಾಕಿದೆ. ದೊಡ್ಡಮ್ಮಂದಿರು ದೇವರ ಇಚ್ಛೆ ಎಂದರು, ಚಿಕ್ಕಪ್ಪ ಯಾಕಮ್ಮಾ ಬಂದೆ, ಅಲ್ಲೇ ಕೆಲಸ ಸಿಗಲಿಲ್ವಾ ಎಂದು ಕೇಳಿದರು. ಅಮ್ಮ ನನ್ನ ಮುಖವನ್ನೇ ನೋಡಿದಳು. ಯಾಕೆ ಬಂದೆನೆಂದು ನಾನು ಯಾರಿಗೂ ಹೇಳಿಲ್ಲ. ಹೇಳಬೇಕಾಗಿಲ್ಲ ಎಂದು ಪತ್ರದಲ್ಲಿ ಬರೆದಿದೆ.